ಬ್ಯಾಕಪ್ ಇದ್ದರೆ ಸಾಲದು, ವಾಪಸ್ ಬರಬೇಕು



ಉಮರಗಾ, ನಿಲಂಗಾ, ಉದಗೀರ ಮೂರೂ ಕಡೆಯ ಸದಸ್ಯರು ಕೊಟ್ಟ ಹಳೆಯ ಫೋಟೋ, ಪತ್ರ, ಕನ್ನಡ ಶಾಲೆಗಳ ಕಾಗದಪತ್ರಗಳ ಸ್ಕ್ಯಾನ್, ಹಿರಿಯರ ಹಾಡು ಮತ್ತು ಮಾತಿನ ಧ್ವನಿಮುದ್ರಣ ಎಲ್ಲ ಸೇರಿ ಸಂಘದ ಕಂಪ್ಯೂಟರಿನಲ್ಲಿ ಈಗ ಸುಮಾರು 700 ಜಿಬಿ ಸಂಗ್ರಹವಿದೆ. ಅದರ ನಕಲು ಇಡಲು ಕಚೇರಿಯಲ್ಲಿ ಒಂದು ಸಣ್ಣ ಬ್ಯಾಕಪ್ ಸರ್ವರ್ ಇಟ್ಟಿದ್ದೇವೆ. ಹೋದ ಬೇಸಿಗೆಯಲ್ಲಿ ಅದು ಎರಡು ತಿಂಗಳು ಸರಿಯಾಗಿ ಕೆಲಸ ಮಾಡಿರಲಿಲ್ಲ. ಅದು ನಮಗೆ ಗೊತ್ತೇ ಇರಲಿಲ್ಲ. ಏನಾಯಿತು, ಯಾಕಾಯಿತು ಎಂದು ಸದಸ್ಯರಿಗೆ ತಿಳಿಸುವುದು ಕಾರ್ಯದರ್ಶಿಯಾಗಿ ನನ್ನ ಕರ್ತವ್ಯ. ಅಂಗಡಿ, ಶಾಲೆ, ಪತಸಂಸ್ಥೆಗಳಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಸದಸ್ಯರಿಗೂ ಇದು ಉಪಯೋಗವಾದೀತು.

ನಾನು ಗುಮಾಸ್ತನಾಗಿ ನಿವೃತ್ತನಾದವನು, ಕಂಪ್ಯೂಟರ್ ಪಂಡಿತನಲ್ಲ. ತಿಳಿದವರನ್ನು ಕೇಳಿ ಕಲಿತದ್ದನ್ನೇ ಬರೆಯುತ್ತಿದ್ದೇನೆ.

ನಡೆದದ್ದು ಇಷ್ಟು

ಪ್ರತಿ ಶನಿವಾರ ರಾತ್ರಿ 10 ಗಂಟೆಗೆ ಪೂರ್ತಿ ನಕಲು ಶುರುವಾಗಿ ರಾತ್ರಿ ಒಂದರೊಳಗೆ ಮುಗಿಯುತ್ತಿತ್ತು. ಬೇಸಿಗೆಯಲ್ಲಿ ಒಮ್ಮೆ ರವಿವಾರ ಮಧ್ಯಾಹ್ನ ಕಚೇರಿಗೆ ಹೋದಾಗ ಸರ್ವರಿನ ದೀಪ ಇನ್ನೂ ಮಿಣುಗುತ್ತಿತ್ತು. "ಫೋಟೋ ಹೆಚ್ಚಾಗಿವೆ, ತಡವಾಗುತ್ತಿದೆ" ಎಂದುಕೊಂಡು ಸುಮ್ಮನಾದೆ. ಅದೇ ನನ್ನ ತಪ್ಪು.

ಆಮೇಲೆ ಪುಣೆಯಲ್ಲಿ ದೊಡ್ಡ ಕಂಪನಿಗಳ ಬ್ಯಾಕಪ್ ಸರ್ವರ್ ನೋಡಿಕೊಳ್ಳುವ ನಮ್ಮ ಸದಸ್ಯರೊಬ್ಬರ ಮಗ ಹಬ್ಬಕ್ಕೆ ಬಂದಿದ್ದ. ಬ್ಯಾಕಪ್ ಚೆನ್ನಾಗಿ ನಡೆದಿದೆ ಎಂದು ನಾನು ಹೇಳಿದಾಗ ಅವನು ಕೇಳಿದ್ದು ಒಂದೇ ಮಾತು: "ಕಾಕಾ, ಅದರಾಗಿಂದ ಒಂದು ಫೈಲ್ ವಾಪಸ್ ತಗದು ನೋಡೀರೇನು?"

ನೋಡಿರಲಿಲ್ಲ. ತೆಗೆದು ನೋಡಿದರೆ ಹಿಂದಿನ ಎರಡು ತಿಂಗಳಲ್ಲಿ ಮಾಡಿದ ಧ್ವನಿಮುದ್ರಣಗಳು ಬ್ಯಾಕಪ್ಪಿನಲ್ಲಿ ಇರಲೇ ಇಲ್ಲ. ರೆಕಾರ್ಡರಿನ ಕಾರ್ಡನ್ನು ನಾವು ಅಷ್ಟರಲ್ಲಿ ಅಳಿಸಿ ಮತ್ತೆ ಬಳಸಿದ್ದೆವು. ಹಾಡಿದ ಹಿರಿಯರಲ್ಲಿ ಇಬ್ಬರು ತೀರಿಕೊಂಡಿದ್ದರು. ಅವರ ದನಿ ಕಚೇರಿಯ ಆ ಒಂದು ಕಂಪ್ಯೂಟರಿನಲ್ಲಿ ಮಾತ್ರ ಉಳಿದಿತ್ತು. ಆ ಡಿಸ್ಕ್ ಅಂದು ಗಟ್ಟಿಯಾಗಿತ್ತು, ಆದ್ದರಿಂದ ಏನೂ ಕಳೆಯಲಿಲ್ಲ.

ಕಾರಣ: ಅಲಮಾರಿಯ ಕೆಳಗಿನ ತಂತಿ

ಕಂಪ್ಯೂಟರಿನಿಂದ ಸರ್ವರಿಗೆ ಹೋಗುವ ನೆಟ್‌ವರ್ಕ್ ಕೇಬಲ್ ಅಲಮಾರಿಯ ಕಾಲಿನ ಕೆಳಗೆ ಸಿಕ್ಕಿಕೊಂಡಿತ್ತು. ಆ ಕೇಬಲಿನೊಳಗೆ ನಾಲ್ಕು ಜೋಡಿ ತಂತಿಗಳಿರುತ್ತವೆ. 1 ಗಿಗಾಬಿಟ್ ವೇಗಕ್ಕೆ ನಾಲ್ಕೂ ಬೇಕು. ಒಂದು ಜೋಡಿ ಕಡಿದರೂ ಸಂಪರ್ಕ ಪೂರ್ತಿ ನಿಲ್ಲದೆ 100 ಮೆಗಾಬಿಟ್‌ಗೆ ಇಳಿಯಬಹುದು. ಕೆಲಸ ನಡೆಯುತ್ತಲೇ ಇರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ.

ಲೆಕ್ಕ ನೋಡಿ. ಗಿಗಾಬಿಟ್‌ನಲ್ಲಿ ಸೆಕೆಂಡಿಗೆ ಸುಮಾರು 110 ಎಂಬಿ ಸಾಗುತ್ತದೆ, ಆಗ 700 ಜಿಬಿಗೆ ಒಂದೂಮುಕ್ಕಾಲು ಗಂಟೆ. 100 ಮೆಗಾಬಿಟ್‌ನಲ್ಲಿ ಸೆಕೆಂಡಿಗೆ 11 ಎಂಬಿ, ಅಂದರೆ ಹದಿನೇಳೂವರೆ ಗಂಟೆಗೂ ಹೆಚ್ಚು. ರವಿವಾರ ಮಧ್ಯಾಹ್ನ ಕರೆಂಟ್ ಹೋಗುತ್ತಿತ್ತು, ಯುಪಿಎಸ್ ಸ್ವಲ್ಪ ಹೊತ್ತು ತಡೆದು ಸರ್ವರನ್ನು ಮುಚ್ಚುತ್ತಿತ್ತು. ನಕಲು ಅರ್ಧಕ್ಕೇ ನಿಲ್ಲುತ್ತಿತ್ತು. ಮುಂದಿನ ಶನಿವಾರ ಮತ್ತೆ ಮೊದಲಿನಿಂದ.

ಹೀಗಾದಾಗ ಎಚ್ಚರಿಸಲು ಸರ್ವರ್ ಇಮೇಲ್ ಕಳಿಸುತ್ತಲೇ ಇತ್ತು. ಆದರೆ ಅದರಲ್ಲಿ ಹಾಕಿದ್ದ ವಿಳಾಸವನ್ನು ಈಗ ಯಾರೂ ತೆರೆಯುತ್ತಿರಲಿಲ್ಲ.

ದೊಡ್ಡವರಿಗೂ ಆಗಿದೆ

ಗಿಟ್‌ಲ್ಯಾಬ್ ಎಂಬ ಕಂಪನಿ ಜಗತ್ತಿನ ಸಾಫ್ಟ್‌ವೇರ್ ಬರೆಯುವವರ ಕೆಲಸವನ್ನು ಜೋಪಾನ ಮಾಡುತ್ತದೆ. 2017ರ ಜನವರಿ 31ರಂದು ಅಲ್ಲಿನ ಇಂಜಿನಿಯರೊಬ್ಬರು ತಪ್ಪಿ ಮುಖ್ಯ ಡೇಟಾಬೇಸನ್ನೇ ಅಳಿಸಿದರು. ಬ್ಯಾಕಪ್ ಹುಡುಕಿದರೆ ದಿನವೂ ಆಗಬೇಕಾದ ನಕಲು ಆಗಿರಲೇ ಇಲ್ಲ, ನಕಲು ಮಾಡುವ ಸಾಫ್ಟ್‌ವೇರಿನ ಆವೃತ್ತಿ ಡೇಟಾಬೇಸಿಗೆ ಹೊಂದುತ್ತಿರಲಿಲ್ಲ. ವಿಫಲವಾಯಿತೆಂದು ಹೇಳುವ ಇಮೇಲ್‌ಗಳು ತಿರಸ್ಕೃತವಾಗಿ ಯಾರಿಗೂ ತಲುಪಿರಲಿಲ್ಲ. ಬೇರೆ ಕೆಲಸಕ್ಕೆಂದು ಆರು ಗಂಟೆ ಮೊದಲು ಒಬ್ಬರು ಕೈಯಾರೆ ತೆಗೆದಿದ್ದ ಪ್ರತಿ ಅವರನ್ನು ಉಳಿಸಿತು. ಆ ಪ್ರತಿ ಇದ್ದ ಡಿಸ್ಕ್ ನಿಧಾನವಾದ್ದರಿಂದ ವಾಪಸ್ ತರಲು ಸುಮಾರು 18 ಗಂಟೆ ಬೇಕಾಯಿತು. ನಡುವಿನ ಆರು ಗಂಟೆಯ ದಾಖಲೆ ಹೋಯಿತು. ಕಂಪನಿ ಇದನ್ನೆಲ್ಲ ಮುಚ್ಚಿಡದೆ ತಾನೇ ಪ್ರಕಟಿಸಿತು.

ಬ್ಯಾಕಪ್ ನಿಧಾನವಾಗಿದ್ದರೆ ಎರಡು ಕಡೆ ಪೆಟ್ಟು: ಇಡುವಾಗ ಅರ್ಧಕ್ಕೇ ನಿಲ್ಲುತ್ತದೆ, ಅವಸರದಲ್ಲಿ ಬೇಕಾದಾಗ ತಡವಾಗುತ್ತದೆ.

ನಿಧಾನವಾದರೆ ಹುಡುಕುವ ಕ್ರಮ

1. ಮೊದಲು ಕೇಬಲ್ ಮತ್ತು ವೇಗ. ಸರ್ವರಿನ ನೆಟ್‌ವರ್ಕ್ ಪುಟದಲ್ಲಿ 1000 ಎಂದಿರಬೇಕು. 100 ಎಂದಿದ್ದರೆ ಕೇಬಲ್ ಬದಲಿಸಿ ನೋಡಿ.

2. ಖಾಲಿ ಜಾಗ. ಡಿಸ್ಕ್ ತುಂಬುತ್ತ ಬಂದಂತೆ ಬರೆಯುವ ವೇಗ ಇಳಿಯುತ್ತದೆ. ನೂರಕ್ಕೆ 80 ತುಂಬಿದಾಗಲೇ ಹೊಸ ಡಿಸ್ಕಿನ ವಿಚಾರ ಮಾಡಿ.

3. ಡಿಸ್ಕಿನ ಆರೋಗ್ಯ. ಪ್ರತಿ ಡಿಸ್ಕ್ ತನ್ನ ಬಗ್ಗೆ ಸ್ಮಾರ್ಟ್ ಎಂಬ ವರದಿ ಇಡುತ್ತದೆ. ಅದರ 5, 197, 198ನೆಯ ಸಾಲುಗಳ ಮೂಲ ಅಂಕಿ ಸೊನ್ನೆ ಇರಬೇಕು. ಅದು ವಾರದಿಂದ ವಾರಕ್ಕೆ ಏರುತ್ತಿದ್ದರೆ ಡಿಸ್ಕ್ ಹೋಗುವ ದಾರಿಯಲ್ಲಿದೆ, ಬದಲಿಸಿ. ನಮ್ಮ ಬಿಸಿಲಿನಲ್ಲಿ ಉಷ್ಣತೆಯನ್ನೂ ನೋಡಿ, 50 ಡಿಗ್ರಿ ಮುಟ್ಟಬಾರದು.

4. ಸಣ್ಣ ಫೈಲುಗಳು. ಒಂದು ದೊಡ್ಡ ಮೂಟೆ ಸಾಗಿಸುವುದಕ್ಕಿಂತ ಸಾವಿರ ಪೊಟ್ಟಣ ಸಾಗಿಸುವುದು ತಡ. ಹಳೆಯ ಸ್ಕ್ಯಾನ್‌ಗಳನ್ನು ವರ್ಷವಾರು ಒಂದೇ ಕಟ್ಟಾಗಿ ಮಾಡಿ ಇಡಬಹುದು.

5. ಒಂದೇ ಹೊತ್ತಿಗೆ ಎರಡು ಕೆಲಸ. ಬ್ಯಾಕಪ್ ಸಮಯದಲ್ಲೇ ವೈರಸ್ ತಪಾಸಣೆಯೋ ಡಿಸ್ಕ್ ತಪಾಸಣೆಯೋ ನಡೆದಿದ್ದರೆ ವೇಳೆ ಬೇರೆ ಮಾಡಿ.

ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಎಲ್ಲ ಒಟ್ಟಿಗೆ ಬದಲಿಸಿದರೆ ಕಾರಣ ಯಾವುದೆಂದು ತಿಳಿಯುವುದಿಲ್ಲ.

ಮೂರು ಊರು, ಮೂರು ಪ್ರತಿ

"ನಮ್ಮ ಸರ್ವರಿನಲ್ಲಿ ಎರಡು ಡಿಸ್ಕ್ ಇವೆ, ಸಾಕಲ್ಲ?" ಎಂದು ಕೆಲವರು ಕೇಳುತ್ತಾರೆ. ಎರಡು ಡಿಸ್ಕಿನಲ್ಲಿ ಒಂದನ್ನೇ ಬರೆಯುವ ಈ ಏರ್ಪಾಟಿಗೆ ರೇಡ್ ಎನ್ನುತ್ತಾರೆ. ಒಂದು ಡಿಸ್ಕ್ ಕೆಟ್ಟರೆ ಕೆಲಸ ನಿಲ್ಲುವುದಿಲ್ಲ. ಆದರೆ ತಪ್ಪಿ ಅಳಿಸಿದ್ದು ಎರಡರಲ್ಲೂ ಅಳಿಯುತ್ತದೆ, ಕಳ್ಳ ಒಯ್ದರೆ ಎರಡನ್ನೂ ಒಯ್ಯುತ್ತಾನೆ. ಬಲ್ಲವರು ಹೇಳುವ 3-2-1 ನಿಯಮ ಹೀಗಿದೆ: ಮೂರು ಪ್ರತಿ, ಎರಡು ಬಗೆಯ ಸಾಧನ, ಅದರಲ್ಲಿ ಒಂದು ಬೇರೆ ಊರಿನಲ್ಲಿ.

ಬೇರೆ ಊರು ಯಾಕೆ ಎಂದು ನಮ್ಮ ಭಾಗದವರಿಗೆ ಹೇಳಬೇಕಿಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿಯ ಭೂಕಂಪ ಔಸಾ, ಉಮರಗಾ ತಾಲ್ಲೂಕುಗಳ ಊರೂರನ್ನೇ ಮಣ್ಣು ಮಾಡಿತು. ಸಾವಿರಾರು ಜನ ಹೋದರು. ಮನೆಯೊಂದಿಗೆ ಪೆಟ್ಟಿಗೆಯಲ್ಲಿದ್ದ ಕಾಗದಪತ್ರವೂ ಮಣ್ಣಾಯಿತು. ಕಿಲ್ಲಾರಿ ಉಮರಗಾಕ್ಕೂ ನಿಲಂಗಾಕ್ಕೂ ಹತ್ತಿರ, ಉದಗೀರ ದೂರ. ಅದಕ್ಕೇ ಮೂರನೆಯ ಪ್ರತಿಯನ್ನು ಉದಗೀರದ ಸದಸ್ಯರ ಮನೆಯಲ್ಲಿ, ವೈರ್ ತೆಗೆದ ಡಿಸ್ಕಿನಲ್ಲಿ ಇಡುತ್ತಿದ್ದೇವೆ. ವೈರ್ ತೆಗೆದಿಟ್ಟ ಡಿಸ್ಕನ್ನು ವೈರಸ್ಸೂ ಮುಟ್ಟಲಾರದು.

ಈಗ ಒಂದು ರಿಜಿಸ್ಟರ್

ಕಚೇರಿಯಲ್ಲಿ ಆವಕ-ಜಾವಕ ಬರೆದ ಕೈ ನನ್ನದು. ಸರ್ವರಿಗೂ ಒಂದು ರಿಜಿಸ್ಟರ್ ಮಾಡಿದ್ದೇನೆ. ಪ್ರತಿ ರವಿವಾರ ಐದು ಅಂಕಣ ತುಂಬುತ್ತೇವೆ: ಶುರುವಾದ ವೇಳೆ, ಮುಗಿದ ವೇಳೆ, ನಕಲಾದ ಜಿಬಿ, ಉಳಿದ ಜಾಗ, ಡಿಸ್ಕಿನ ಆರೋಗ್ಯ. ಮುಗಿಯುವ ವೇಳೆ ಎಂದಿಗಿಂತ ಒಂದು ಗಂಟೆ ಹೆಚ್ಚಾದರೆ ಅಂದೇ ಕಾರಣ ಹುಡುಕುವುದು. ಇಮೇಲ್ ಈಗ ಮೂವರು ಪದಾಧಿಕಾರಿಗಳಿಗೆ ಹೋಗುತ್ತದೆ, ಪದಾಧಿಕಾರಿ ಬದಲಾದರೆ ವಿಳಾಸವೂ ಬದಲಾಗಬೇಕು. ಬ್ಯಾಕಪ್ ಮುಗಿದಾಗಲೂ ಸಂದೇಶ ಬರುವಂತೆ ಮಾಡಿದ್ದೇವೆ. ಬಾರದಿದ್ದರೆ "ಎಲ್ಲ ಸರಿ ಇದೆ" ಎಂದುಕೊಳ್ಳದೆ ಕಚೇರಿಗೆ ಹೋಗಿ ನೋಡುವುದು.

ತಿಂಗಳಿಗೊಮ್ಮೆ ಒಂದು ಫೋಟೋ, ಒಂದು ಕಾಗದ, ಒಂದು ಹಾಡನ್ನು ಬ್ಯಾಕಪ್ಪಿನಿಂದ ಹೊರತೆಗೆದು ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡುತ್ತೇವೆ. ತಿಂಗಳ ಕೊನೆಯ ರವಿವಾರ ಮುಂಜಾನೆ 11 ಗಂಟೆಗೆ ಕಚೇರಿಯಲ್ಲಿ ಈ ಕೆಲಸ ನಡೆಯುತ್ತದೆ, ಸದಸ್ಯರು ಬರಬಹುದು. ನೀವು ಕೊಟ್ಟ ಫೋಟೋ ಅಥವಾ ನಿಮ್ಮ ಮನೆಯ ಹಿರಿಯರ ಹಾಡಿನ ಹೆಸರು ಹೇಳಿ, ಅದನ್ನೇ ತೆಗೆದು ತೋರಿಸುತ್ತೇವೆ. ಹೋದ ಸಲ ತೆಗೆದದ್ದು ತೀರಿಕೊಂಡ ಆ ಇಬ್ಬರಲ್ಲಿ ಒಬ್ಬರ ಬೀಸುಕಲ್ಲಿನ ಪದ. ಅವರ ಸೊಸೆ ಬಂದು ಕೇಳಿಸಿಕೊಂಡು, ಪೆನ್‌ಡ್ರೈವಿನಲ್ಲಿ ಒಂದು ಪ್ರತಿ ಒಯ್ದರು.

ತಮ್ಮ ವಿಶ್ವಾಸಿ,
ಕಾರ್ಯದರ್ಶಿ