ಬಾರಾಪೇಡೆಯ ಬಾವಲಿಗಳು

ವನ್ಯಮೃಗಗಳು ಅಳಿದುವೆಂದು ಕೇಳಿದೊಡನೆ ನಮ್ಮ ನೆನಪಿಗೆ ಬರುವುದು ಬಂದೂಕು. 1947ರಲ್ಲಿ ಮಧ್ಯಭಾರತದ ಕೊರಿಯಾ ಸಂಸ್ಥಾನದಲ್ಲಿ ಮೂರು ಚೀತಾಗಳು, ಎಂದರೆ ನಮ್ಮ ಹಿರಿಯರ ಸಿವಂಗಿಗಳು, ಗುಂಡಿಗೆ ಬಿದ್ದುವು. 1952ರಲ್ಲಿ ಆ ಜಾತಿಯು ನಮ್ಮ ದೇಶದಿಂದ ಅಳಿಯಿತೆಂದು ಸಾರಲಾಯಿತು. ಆದರೆ ಒಂದು ಪ್ರಾಣಿಕುಲವನ್ನು ಅಳಿಸಲು ಗುಂಡೇ ಬೇಕೆಂದೇನೂ ಇಲ್ಲ. ಕೆಲವೆಡೆ ಒಂದು ಪಂಜು, ಒಂದಿಷ್ಟು ಹೊಗೆ, ಕುತೂಹಲಿಗಳ ಒಂದು ಗುಂಪು ಸಾಕು.

ಬೆಳಗಾವಿ ನಗರದಿಂದ ಸುಮಾರು 26 ಕಿಲೋಮೀಟರು ದೂರದಲ್ಲಿ ಖಾನಾಪುರವಿದೆ. ಆ ತಾಲ್ಲೂಕಿನ ಪಡುವಣಕ್ಕೆ, ಮಹದಾಯಿ ಹುಟ್ಟುವ ಭೀಮಗಡದ ಕಾಡಿನಲ್ಲಿ, ತಳೇವಾಡಿಯೆಂಬ ಹಳ್ಳಿಯ ಸಮೀಪ ಬಾರಾಪೇಡೆ ಗುಹೆಗಳಿವೆ. ಮುಂಬಯಿಯ ಪ್ರಕೃತಿಚರಿತ್ರೆ ಸಂಘದವರು ಸಸ್ತನಿಗಳ ಸಮೀಕ್ಷೆಯನ್ನು ಕೈಕೊಂಡಿದ್ದ ಕಾಲದಲ್ಲಿ ಅಲ್ಲಿ ಒಂದು ಅಪೂರ್ವವಾದ ಬಾವಲಿ ದೊರೆಯಿತು. 1913ರಲ್ಲಿ ಲಂಡನ್ನಿನ ಪ್ರಾಣಿಶಾಸ್ತ್ರಜ್ಞ ಓಲ್ಡ್‌ಫೀಲ್ಡ್ ಥಾಮಸರು ಅದನ್ನು ವರ್ಣಿಸಿ, ಆ ಸಮೀಕ್ಷೆಗಾಗಿ ದುಡಿದ ಅರಣ್ಯಾಧಿಕಾರಿ ರಾಟನ್ನರ ಹೆಸರನ್ನು ಅದಕ್ಕಿತ್ತರು. ಮುಂದಕ್ಕೆ ಬಾಗಿ ಹಣೆಯ ಮೇಲೆ ಕೂಡಿಕೊಂಡ ದೊಡ್ಡ ಕಿವಿಗಳು, ಹಿಂಗಾಲುಗಳ ನಡುವಣ ತೊಗಲನ್ನು ಮೀರಿ ಹೊರಚಾಚಿದ ಬಾಲ, ಆಹಾರ ಹುಳುಹುಪ್ಪಟೆಗಳು. 2000ರವರೆಗೆ ಲೋಕದಲ್ಲಿ ಬೇರೆಲ್ಲಿಯೂ ಅದು ಕಂಡುಬರಲಿಲ್ಲ. ಆ ವರ್ಷ ಕಾಂಬೋಡಿಯದಲ್ಲಿಯೂ ಆಮೇಲೆ ಮೇಘಾಲಯದ ಗುಹೆಗಳಲ್ಲಿಯೂ ಅದೇ ಜಾತಿ ದೊರೆಯಿತು. ಇದು ಸಮಾಧಾನದ ಸಂಗತಿಯೇ. ಆದರೆ ದೂರದ ನೆಂಟರಿದ್ದಾರೆಂದು ಇಲ್ಲಿನ ಸಂಸಾರವನ್ನು ಒಕ್ಕಲೆಬ್ಬಿಸಲಾದೀತೆ?

ಗುಹೆಯೊಳಗೆ ನಾವು ಬೆಳಕು ಹಿಡಿದು ಗದ್ದಲ ಮಾಡುತ್ತ ಹೊಕ್ಕಾಗ ನಡೆಯುವುದೇನು? ಹಗಲೆಲ್ಲ ವಿಶ್ರಮಿಸಬೇಕಾದ ಜೀವಗಳು ಬೆದರಿ ಹಾರುತ್ತವೆ. ರಾತ್ರಿಯ ಬೇಟೆಯಿಂದ ಕೂಡಿಟ್ಟ ಶಕ್ತಿ ವ್ಯರ್ಥವಾಗುತ್ತದೆ. ಹೊರಬಿದ್ದವು ಹದ್ದು ಗಿಡುಗಗಳ ಕಣ್ಣಿಗೆ ಬೀಳುತ್ತವೆ. ತಾಯಿಯ ಆಸರೆ ತಪ್ಪಿದ ಮರಿ ನೆಲಕ್ಕೆ ಬಿದ್ದರೆ ಬದುಕುವುದು ದುರ್ಲಭ. ಇಲಿಗಳಾದರೆ ಇಂಥ ನಷ್ಟವನ್ನು ಕೆಲವೇ ತಿಂಗಳಲ್ಲಿ ತುಂಬಿಕೊಂಡಾವು. ಬಾವಲಿಗಳು ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮರಿಯನ್ನು ಈಯುವುವು. ಪದೇ ಪದೇ ಕಲಕಿದ ಗುಹೆ ಒಂದು ದಿನ ಬರಿದಾಗುತ್ತದೆ. ಕೊಂದವರಾರೆಂದು ಕೇಳಿದರೆ ಹೆಸರಿಸಲು ಒಬ್ಬನೂ ಸಿಕ್ಕುವುದಿಲ್ಲ.

ಬಾವಲಿಯ ಪರವಾಗಿ ಮಾತನಾಡುವವರೂ ವಿರಳ. ಮನೆಯೊಳಕ್ಕೆ ಬಂದರೆ ಅಪಶಕುನವೆನ್ನುತ್ತೇವೆ. 1972ರ ವನ್ಯಜೀವಿ ಕಾನೂನು ಕೂಡ ಹಣ್ಣುಬಾವಲಿಗಳನ್ನು ಬಹುಕಾಲ ಕಾಗೆ ಇಲಿಗಳ ಸಾಲಿನಲ್ಲಿ ಪೀಡೆಯೆಂದು ಕೂರಿಸಿತ್ತು. 2022ರ ತಿದ್ದುಪಡಿಯಲ್ಲಿ ಆ ಪಟ್ಟಿ ಹೋಯಿತು. ನಮ್ಮ ಬಾರಾಪೇಡೆಯ ಬಾವಲಿಗೆ ಮಾತ್ರ ಅದೇ ಕಾನೂನಿನ ಮೊದಲನೆಯ ಅನುಸೂಚಿಯಲ್ಲಿ, ಹುಲಿಯ ಜೊತೆಯಲ್ಲಿ, ಸ್ಥಾನ ದೊರೆಯಿತು.

2011ರಲ್ಲಿ ಭೀಮಗಡದ ಸುಮಾರು 190 ಚದರ ಕಿಲೋಮೀಟರು ಕಾಡು ಅಭಯಾರಣ್ಯವಾಯಿತು. ಅದರೊಳಗಣ ಹಳ್ಳಿಗರ ಸ್ಥಿತಿ ಸುಲಭವಾದುದಲ್ಲ. ಮಳೆಗಾಲದಲ್ಲಿ ರೋಗಿಯನ್ನು ಖಾನಾಪುರಕ್ಕೆ ಸಾಗಿಸುವುದೇ ಒಂದು ಸಾಹಸ. 2025ರಲ್ಲಿ ತಳೇವಾಡಿಯ ಕುಟುಂಬಗಳಿಗೆ ಪರಿಹಾರವಿತ್ತು ಕಾಡಿನ ಹೊರಗೆ ನೆಲೆಗೊಳಿಸುವ ಕಾರ್ಯ ಮೊದಲಾಯಿತು. ಬಾವಲಿಯ ಕಷ್ಟವನ್ನು ಇವರ ತಲೆಗೆ ಕಟ್ಟುವುದು ಅನ್ಯಾಯವೆಂದು ನಮಗೆ ತೋರುತ್ತದೆ. ವಿನೋದಕ್ಕಾಗಿ ಗುಹೆ ಹೊಗುವವರು ಬಹುಮಟ್ಟಿಗೆ ನಮ್ಮಂಥ ಪಟ್ಟಣಿಗರೇ. ಅಭಯಾರಣ್ಯದೊಳಗೆ ಹೋಗಲು ಅರಣ್ಯ ಇಲಾಖೆಯ ಅಪ್ಪಣೆ ಬೇಕು. ಅಪ್ಪಣೆ ದೊರೆಯದೆ ಹಿಂದಿರುಗಬೇಕಾದವರು ಬೇಸರಿಸಬೇಕಾಗಿಲ್ಲ. ಖಾನಾಪುರದ ದಾರಿಯಲ್ಲಿ ನೋಡತಕ್ಕ ಕಾಡು ಇನ್ನೂ ಬೇಕಾದಷ್ಟಿದೆ.