ಮೂಳೆಯ ಕ್ಯಾಲ್ಸಿಯಂ ಮತ್ತು ನೀರಿನ ಫ್ಲೋರೈಡ್

ಮೂಳೆ ಗಟ್ಟಿಯಾಗಲು ಕ್ಯಾಲ್ಸಿಯಂ ಬೇಕೆಂಬುದು ಪ್ರಾಥಮಿಕ ಶಾಲೆಯ ಮಕ್ಕಳಿಗೂ ಗೊತ್ತು. ಆದರೆ ಮೂಳೆಯಲ್ಲಿ ಖನಿಜಾಂಶ ಹೆಚ್ಚಿದ್ದೂ ಅದು ರೋಗಗ್ರಸ್ತವಾಗಿರಲು ಸಾಧ್ಯವೆ? ಸಾಧ್ಯ. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಭಾಗದ ಹಲವು ಊರುಗಳ ಕೊಳವೆಬಾವಿ ನೀರಿನಲ್ಲಿ ಮಿತಿ ಮೀರಿದ ಫ್ಲೋರೈಡ್ ಕಂಡುಬಂದಿದೆ. ಈ ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಇಂಥ ನೀರನ್ನು ವರ್ಷಗಟ್ಟಲೆ ಕುಡಿದವರ ಹಲ್ಲು, ಮೂಳೆಗಳಲ್ಲಿ ಮಾತ್ರ ಅದರ ಗುರುತು ಉಳಿಯುತ್ತದೆ. ಇದು ಹೇಗೆಂದು ತಿಳಿಯಲು, ನಮ್ಮ ದೇಹ ಕ್ಯಾಲ್ಸಿಯಂ ಅನ್ನು ಹತೋಟಿಯಲ್ಲಿಡುವ ಕ್ರಮವನ್ನು ಮೊದಲು ನೋಡೋಣ.

ಕ್ಯಾಲ್ಸಿಯಂನ ಜಮಾ ಖರ್ಚು

ವಯಸ್ಕರ ದೇಹದಲ್ಲಿ ಸುಮಾರು 1 ಕಿಲೋಗ್ರಾಂ ಕ್ಯಾಲ್ಸಿಯಂ ಇದೆ. ಅದರಲ್ಲಿ ಶೇ. 99 ಭಾಗ ಮೂಳೆ ಹಾಗೂ ಹಲ್ಲುಗಳಲ್ಲಿರುತ್ತದೆ. ಉಳಿದ ಅತ್ಯಲ್ಪ ಭಾಗದ ಕೆಲಸವೇನೂ ಸಣ್ಣದಲ್ಲ. ಹೃದಯದ ಬಡಿತ, ಸ್ನಾಯುಗಳ ಸಂಕೋಚನ, ರಕ್ತ ಹೆಪ್ಪುಗಟ್ಟುವಿಕೆ ಇವೆಲ್ಲ ಅದನ್ನೇ ಅವಲಂಬಿಸಿವೆ. ಆದ್ದರಿಂದ ದೇಹವು ರಕ್ತದ್ರವದ ಪ್ರತಿ 100 ಮಿಲಿಲೀಟರಿನಲ್ಲಿ ಸುಮಾರು 9ರಿಂದ 10.5 ಮಿಗ್ರಾಂ ಕ್ಯಾಲ್ಸಿಯಂ ಇರುವಂತೆ ಕಟ್ಟುನಿಟ್ಟಾಗಿ ಕಾಯ್ದುಕೊಳ್ಳುತ್ತದೆ.

ಈ ಮಟ್ಟ ಕುಸಿದೊಡನೆ ಕುತ್ತಿಗೆಯಲ್ಲಿರುವ ನಾಲ್ಕು ಪುಟ್ಟ ಪ್ಯಾರಾಥೈರಾಯ್ಡ್ ಗ್ರಂಥಿಗಳು ಒಂದು ಹಾರ್ಮೋನನ್ನು ಸ್ರವಿಸುತ್ತವೆ. ಅದರ ಪ್ರಭಾವದಿಂದ ಮೂಳೆಯನ್ನು ಕರಗಿಸುವ ಕೋಶಗಳು ಚುರುಕಾಗಿ ಕ್ಯಾಲ್ಸಿಯಂ ಬಿಡುಗಡೆಯಾಗುತ್ತದೆ. ಮೂತ್ರಪಿಂಡಗಳು ಕ್ಯಾಲ್ಸಿಯಂ ಅನ್ನು ಹೊರಹೋಗಗೊಡದೆ ಹಿಡಿದಿಡುತ್ತವೆ. ಜೊತೆಗೆ ವಿಟಮಿನ್ ಡಿಯನ್ನು ಸಕ್ರಿಯ ರೂಪಕ್ಕೆ ತರುತ್ತವೆ. ಸಕ್ರಿಯ ವಿಟಮಿನ್ ಡಿ ಕರುಳಿನಲ್ಲಿ ಕ್ಯಾಲ್ಸಿಯಂ ಹೀರಿಕೆಯನ್ನು ಹೆಚ್ಚಿಸುತ್ತದೆ. ಮಟ್ಟ ಸರಿಹೋದಾಗ ಹಾರ್ಮೋನಿನ ಸ್ರಾವ ತಗ್ಗುತ್ತದೆ. ಅಂದರೆ ಆಹಾರದಲ್ಲಿ ಕ್ಯಾಲ್ಸಿಯಂ ಸಾಲದಿದ್ದರೆ ರಕ್ತಕ್ಕೆ ಕೊರತೆಯಾಗದು. ಸಾಲ ತೀರಿಸುವುದು ಮೂಳೆ.

ಹರಳಿನೊಳಗೆ ಹೊಸ ಅತಿಥಿ

ಮೂಳೆಯ ಖನಿಜ ಮುಖ್ಯವಾಗಿ ಹೈಡ್ರಾಕ್ಸಿಅಪಟೈಟ್ ಬಗೆಯ ಹರಳು. ಕ್ಯಾಲ್ಸಿಯಂ, ಫಾಸ್ಫೇಟ್ ಮತ್ತು ಹೈಡ್ರಾಕ್ಸಿಲ್ ಅಯಾನುಗಳು ಇದರ ಜಾಲಕದಲ್ಲಿ ಕ್ರಮಬದ್ಧವಾಗಿ ಕುಳಿತಿರುತ್ತವೆ. ಫ್ಲೋರೈಡ್ ಅಯಾನಿನ ವಿದ್ಯುದಾವೇಶ ಹೈಡ್ರಾಕ್ಸಿಲಿನದಷ್ಟೇ. ಗಾತ್ರವೂ ಬಹುಮಟ್ಟಿಗೆ ಸಮ. ಹೀಗಾಗಿ ಅದು ಹೈಡ್ರಾಕ್ಸಿಲಿನ ಜಾಗವನ್ನು ಸುಲಭವಾಗಿ ಆಕ್ರಮಿಸುತ್ತದೆ. ದೇಹದಲ್ಲಿ ಉಳಿಯುವ ಫ್ಲೋರೈಡಿನ ಶೇ. 99 ಭಾಗ ಸೇರುವುದು ಮೂಳೆ, ಹಲ್ಲುಗಳನ್ನೇ.

ಹೊಸ ಹರಳು ಹೆಚ್ಚು ಸ್ಥಿರ, ಬೇಗ ಕರಗದು. ಜೊತೆಗೆ ಫ್ಲೋರೈಡ್ ಮೂಳೆ ಕಟ್ಟುವ ಕೋಶಗಳನ್ನು ಕೆರಳಿಸುತ್ತದೆ. ಪರಿಣಾಮವಾಗಿ ಬೆನ್ನೆಲುಬು ದಟ್ಟವಾಗುತ್ತದೆ, ಆದರೆ ಪೆಡಸಾಗುತ್ತದೆ. ಕೀಲುಗಳ ಸುತ್ತಲಿನ ಕಟ್ಟುಗಳಲ್ಲೂ ಖನಿಜ ತುಂಬಿ ಬಾಗುವುದು, ಏಳುವುದು ಕಷ್ಟವಾಗುತ್ತದೆ. ಇದೇ ಮೂಳೆ ಫ್ಲೋರೋಸಿಸ್. ಭಾರತದಲ್ಲಿ ಇದನ್ನು ಮೊದಲು ವರದಿ ಮಾಡಿದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತದ ನೆಲ್ಲೂರು ಜಿಲ್ಲೆಯಿಂದ.

ಇಲ್ಲಿ ಒಂದು ವೈಚಿತ್ರ್ಯವನ್ನು ಗಮನಿಸಿ. ದಟ್ಟವಾಗುತ್ತಿರುವ ಮೂಳೆ ಕ್ಯಾಲ್ಸಿಯಂ ಅನ್ನು ಸೆಳೆದುಕೊಳ್ಳುವುದರಿಂದ ರಕ್ತದಲ್ಲಿ ಅದು ತಗ್ಗತೊಡಗುತ್ತದೆ. ಆಹಾರದಿಂದ ಪೂರೈಕೆ ಇಲ್ಲದಿದ್ದರೆ ಪ್ಯಾರಾಥೈರಾಯ್ಡ್ ಹಾರ್ಮೋನು ಏರಿ, ಬೇರೆಡೆಯ ಮೂಳೆ ಕರಗುತ್ತದೆ. ಒಬ್ಬನದೇ ದೇಹದಲ್ಲಿ ಬೆನ್ನೆಲುಬು ದಟ್ಟ, ಕೈಕಾಲಿನ ಮೂಳೆ ದುರ್ಬಲ! ಬೆಳೆಯುವ ಮಕ್ಕಳಿಗೆ ಇದರ ಪೆಟ್ಟು ಹೆಚ್ಚು. ಆಂಧ್ರಪ್ರದೇಶದ ಫ್ಲೋರೈಡ್‌ಪೀಡಿತ ಊರುಗಳ ಎಳೆಯರಲ್ಲಿ ಮಂಡಿಗಳು ಒಳಕ್ಕೆ ಬಾಗಿ ಒಂದಕ್ಕೊಂದು ತಗಲುವ ವಿಕಾರವನ್ನು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು 1973ರಲ್ಲಿ ವರದಿ ಮಾಡಿದರು.

ನೀರಿಗೆ ಬಂದದ್ದು ಎಲ್ಲಿಂದ?

ಫ್ಲೋರೈಡಿನ ಮೂಲ ಶಿಲೆಗಳಲ್ಲಿರುವ ಫ್ಲೋರೈಟ್, ಅಪಟೈಟ್, ಬಯೊಟೈಟ್‌ನಂಥ ಖನಿಜಗಳು. ಅಂತರ್ಜಲದಲ್ಲಿ ಅದು ಎಷ್ಟು ಉಳಿಯಬಲ್ಲದೆಂಬುದನ್ನು ನಿರ್ಧರಿಸುವುದರಲ್ಲೂ ಕ್ಯಾಲ್ಸಿಯಂನ ಪಾತ್ರವಿದೆ. ವಿದ್ಯಾರ್ಥಿಗಳು ಈ ಲೆಕ್ಕವನ್ನು ತಾವೇ ಮಾಡಿನೋಡಬಹುದು. ಕ್ಯಾಲ್ಸಿಯಂ ಫ್ಲೋರೈಡಿನ ವಿಲೀನತಾ ಗುಣಲಬ್ಧ ಸುಮಾರು 4×10⁻¹¹. ಲೀಟರಿಗೆ 40 ಮಿಗ್ರಾಂ ಕ್ಯಾಲ್ಸಿಯಂ ಇರುವ ನೀರಿನಲ್ಲಿ ಫ್ಲೋರೈಡ್ ಹೆಚ್ಚೆಂದರೆ ಸುಮಾರು 3.8 ಮಿಗ್ರಾಂ ಇರಬಹುದು. ಕ್ಯಾಲ್ಸಿಯಂ 4 ಮಿಗ್ರಾಂಗೆ ಇಳಿದರೆ ಈ ಮಿತಿ 12 ಮಿಗ್ರಾಂಗೆ ಏರುತ್ತದೆ. ಮಳೆ ಕಡಿಮೆಯಿರುವ ಎರೆಭೂಮಿಯಲ್ಲಿ ಕ್ಯಾಲ್ಸಿಯಂ ಸುಣ್ಣದ ಹರಳಾಗಿ ನೆಲದಲ್ಲೇ ಕೂರುತ್ತದೆ, ನೀರಿನಲ್ಲಿ ಸೋಡಿಯಂ ಉಳಿಯುತ್ತದೆ. ಇದು ಫ್ಲೋರೈಡಿಗೆ ಅನುಕೂಲವಾದ ಸ್ಥಿತಿ.

ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಗ್ರಾಂ ಮೀರಬಾರದು. ಬೇರೆ ಮೂಲವೇ ಇಲ್ಲದಿದ್ದರೆ 1.5 ಮಿಗ್ರಾಂವರೆಗೆ ಒಪ್ಪಬಹುದು. ಬೇಸಿಗೆಯಲ್ಲಿ ಹೊಲದಲ್ಲಿ ದುಡಿಯುವವರು ದಿನಕ್ಕೆ 5 ಲೀಟರ್ ನೀರು ಕುಡಿದರೆ, ಲೀಟರಿಗೆ 3 ಮಿಗ್ರಾಂ ಇದ್ದರೂ 15 ಮಿಗ್ರಾಂ ದೇಹ ಸೇರಿತು. ದಿನಕ್ಕೆ 14 ಮಿಗ್ರಾಂ ತಲುಪಿದರೆ ಮೂಳೆಗೆ ಅಪಾಯ ಖಚಿತವೆಂದೂ, 6 ಮಿಗ್ರಾಂ ದಾಟಿದರೆ ಅದರ ಸುಳಿವುಗಳಿವೆಯೆಂದೂ ವಿಶ್ವ ಆರೋಗ್ಯ ಸಂಸ್ಥೆಯ 2002ರ ವಿಮರ್ಶೆ ಹೇಳುತ್ತದೆ.

ಶಾಲೆಯಿಂದಲೇ ಆರಂಭ

ಎಂಟು ವರ್ಷದೊಳಗೆ, ಹಲ್ಲಿನ ಎನಾಮೆಲ್ ರೂಪುಗೊಳ್ಳುವಾಗ ಹೆಚ್ಚು ಫ್ಲೋರೈಡ್ ಸೇರಿದರೆ ಮುಂದೆ ಮೂಡುವ ಹಲ್ಲುಗಳಲ್ಲಿ ಎಡಬಲ ಎರಡೂ ಕಡೆ ಅಡ್ಡಗೆರೆಗಳು, ಹಳದಿ ಅಥವಾ ಕಂದು ಕಲೆಗಳು ಕಾಣುತ್ತವೆ. ಉಜ್ಜಿದರೆ ಹೋಗವು. ತರಗತಿಯ ಹಲವು ಮಕ್ಕಳಲ್ಲಿ ಇವು ಕಂಡರೆ, ಶಿಕ್ಷಕರೇ, ಮಕ್ಕಳನ್ನು ಗದರಿಸಬೇಡಿ. ನೀರನ್ನು ಪರೀಕ್ಷೆಗೆ ಕಳಿಸಿ. ಜಿರ್ಕೋನಿಯಂ ಬಣ್ಣದ ಕಿಟ್‌ನಲ್ಲಿ ನೀರಿನ ಬಣ್ಣ ಗುಲಾಬಿಯಿಂದ ಹಳದಿಯತ್ತ ತಿರುಗುವುದನ್ನು ಮಕ್ಕಳಿಗೇ ತೋರಿಸಬಹುದು. ನಿಖರ ಅಳತೆಗೆ ಪ್ರಯೋಗಾಲಯ ಬೇಕು.

ನೀರನ್ನು ಕುದಿಸುವುದರಿಂದ ಫ್ಲೋರೈಡ್ ಹೋಗದು. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ. ಬಟ್ಟೆಯಲ್ಲಿ ಸೋಸಿದರೂ ಉಪಯೋಗವಿಲ್ಲ. ಶುದ್ಧೀಕರಿಸಿದ ನದಿನೀರು, ಸಂಗ್ರಹಿಸಿದ ಮಳೆನೀರು, ಸುಸ್ಥಿತಿಯಲ್ಲಿರುವ ಶುದ್ಧ ಕುಡಿಯುವ ನೀರಿನ ಘಟಕ ಇವೇ ದಾರಿ. ಕುಡಿಯಲು ಮಾತ್ರವಲ್ಲ, ಅಡುಗೆಗೂ ಇದೇ ನೀರನ್ನು ಬಳಸಬೇಕು.

ಆಹಾರವೂ ಮುಖ್ಯ. ಈ ಭಾಗದ ಮುಖ್ಯ ಧಾನ್ಯವಾದ ಜೋಳದ 100 ಗ್ರಾಂನಲ್ಲಿ ಕ್ಯಾಲ್ಸಿಯಂ 30 ಮಿಗ್ರಾಂಗಿಂತ ಕಡಿಮೆ. ರಾಗಿಯಲ್ಲಿ ಸುಮಾರು 350 ಮಿಗ್ರಾಂ. ವಯಸ್ಕರಿಗೆ ದಿನಕ್ಕೆ 1000 ಮಿಗ್ರಾಂ ಬೇಕು. ಆದ್ದರಿಂದ ರೊಟ್ಟಿಯ ಜೊತೆ ಮೊಸರು, ಮಜ್ಜಿಗೆ, ಎಳ್ಳು, ನುಗ್ಗೆಸೊಪ್ಪು ಇರಲಿ. ಕರುಳಿನಲ್ಲಿ ಕ್ಯಾಲ್ಸಿಯಂ ಸ್ವಲ್ಪ ಫ್ಲೋರೈಡನ್ನು ಕಟ್ಟಿಹಾಕಿ ಹೀರಿಕೆಯನ್ನು ತಗ್ಗಿಸುತ್ತದೆ. ಆದರೆ ಕೆಟ್ಟ ನೀರಿಗೆ ಮಜ್ಜಿಗೆ ಮದ್ದಲ್ಲ. ಬಾಗಿ ಬಲಿತ ಮೂಳೆಯನ್ನು ಆಹಾರವಾಗಲಿ ಮಾತ್ರೆಯಾಗಲಿ ನೇರಗೊಳಿಸಲಾರದು; ಬಾಗುವ ಮೊದಲೇ ನೀರನ್ನು ಬದಲಿಸುವುದು ನಮ್ಮ ಕೈಯಲ್ಲಿದೆ.