ಗುಬ್ಬಿಯ ಪಾಲು, ಕಾಗೆಯ ಪಾಲು

ನಂಜನಗೂಡಿನ ಕಪಿಲಾತೀರದಲ್ಲಿಯೂ, ಕಪಿಲೆಯು ಕಾವೇರಿಯನ್ನು ಕೂಡುವ ತಿರುಮಕೂಡಲು ನರಸೀಪುರದ ಸಂಗಮದಲ್ಲಿಯೂ ಪಿತೃಕಾರ್ಯವು ನಡೆದಾಗ ಕಾಗೆಯನ್ನು ಕರೆದು ಅನ್ನವಿಡುವುದು ನಮ್ಮವರ ರೂಢಿ. ಅದು ಬರುವುದು ತಡವಾದರೆ ಮನೆಯವರ ಮನಸ್ಸು ಅಳುಕುವುದುಂಟು. ಅದೇ ಕಾಗೆಯು ಮತ್ತೊಂದು ದಿನ ಹಿತ್ತಲಲ್ಲಿ ಗುಬ್ಬಿಗೆಂದು ಇರಿಸಿದ ತಟ್ಟೆಗೆ ಎರಗಿತೆಂದರೆ ಅದೇ ಗೃಹಸ್ಥರು ಕಲ್ಲನ್ನು ಹುಡುಕುತ್ತಾರೆ. ಹಕ್ಕಿಗೆ ಈ ಭೇದವು ತಿಳಿಯುವುದೆಂತು? ಸಣ್ಣ ಹಕ್ಕಿಯ ಪಾಲನ್ನು ದೊಡ್ಡ ಹಕ್ಕಿಯಿಂದ ಕಾಪಾಡುವ ಕೆಲಸವನ್ನು ಕೋಪದಿಂದ ಮಾಡಲಾಗದು, ಅಳತೆಯಿಂದ ಮಾಡಬಹುದು. ಆ ಅಳತೆಯು ಯಾವುದೆಂಬುದನ್ನು ಇಲ್ಲಿ ವಿಚಾರಮಾಡೋಣ.

ಮೊದಲು ಅತಿಥಿಗಳ ಪರಿಚಯವಾಗಬೇಕು. ಗುಬ್ಬಚ್ಚಿಯ ತೂಕ ಸುಮಾರು 25 ಗ್ರಾಂ, ಎಂದರೆ ನಮ್ಮ ಹಳೆಯ ಲೆಕ್ಕದಲ್ಲಿ ಎರಡು ತೊಲಕ್ಕೆ ತುಸು ಹೆಚ್ಚು. ಗದ್ದೆಯ ಬಯಲಿನಿಂದ ಬರುವ ರಾಟವಾಳವು ತೊಲಕ್ಕೆ ಸ್ವಲ್ಪ ಮೇಲೆ ತೂಗೀತು. ಗೊರವಂಕವಾದರೋ ಸುಮಾರು 110 ಗ್ರಾಂ. ಕಾಗೆ ಪಾರಿವಾಳಗಳು ಸುಮಾರು 300 ಗ್ರಾಂ. ಹೀಗೆ ಒಂದು ಕಾಗೆಯು ಹತ್ತು ಗುಬ್ಬಿಗಳಿಗೂ ಭಾರವಾದುದು. ತೆರೆದ ತಟ್ಟೆಯಲ್ಲಿ ಇವೆಲ್ಲವನ್ನೂ ಒಂದೇ ಪಂಕ್ತಿಗೆ ಕೂರಿಸಿದರೆ ಯಾರು ಉಣ್ಣುವರೆಂಬುದನ್ನು ಹೇಳಬೇಕಾಗಿಲ್ಲ.

ಪಾರಿವಾಳದ ವಿಷಯ ಬೇರೆ ಬಗೆಯದು. ಅದರ ಪೂರ್ವಜರು ಬಂಡೆಗಳ ಸಂದಿನಲ್ಲಿ ಗೂಡು ಕಟ್ಟುವ ಹಕ್ಕಿಗಳು. ನಂಜನಗೂಡಿನಲ್ಲಿರುವಂತಹ ಸುಮಾರು 120 ಅಡಿಯ ಗೋಪುರವಾಗಲಿ, ನಗರದ ಬಹುಮಹಡಿ ಕಟ್ಟಡವಾಗಲಿ, ಅದರ ಕಣ್ಣಿಗೆ ಬಂಡೆಯೇ ಸರಿ. ಅದರ ಮೇಲೆ ನಾವು ಮೂಟೆಗಟ್ಟಲೆ ಜೋಳವನ್ನು ಚೆಲ್ಲಿದರೆ ಸಂತತಿಯು ಏಕೆ ಹೆಚ್ಚದು? ಭಾರತದ ಪಕ್ಷಿಗಳ ಸ್ಥಿತಿಗತಿಯನ್ನು ಕುರಿತು 2023ರಲ್ಲಿ ಪ್ರಕಟವಾದ ವರದಿಯು ಪಾರಿವಾಳವನ್ನು ಹೆಚ್ಚುತ್ತಿರುವ ಹಕ್ಕಿಗಳ ಸಾಲಿನಲ್ಲಿ ಇರಿಸಿದೆ. 2020ರ ವರದಿಯಾದರೋ, ಗುಬ್ಬಚ್ಚಿಯು ದೇಶದಲ್ಲಿ ಒಟ್ಟಾರೆ ಸ್ಥಿರವಾಗಿದ್ದರೂ ಬೆಂಗಳೂರೇ ಮೊದಲಾದ ಮಹಾನಗರಗಳಲ್ಲಿ ಇಳಿಮುಖವಾಗಿದೆಯೆಂದು ತಿಳಿಸಿತು. ಆದಕಾರಣ ನಗರದ ಹಿತ್ತಲಲ್ಲಿ ಒಂದು ಹಿಡಿ ಕಾಳು ಯಾರ ಬಾಯಿಗೆ ಬೀಳುವುದೆಂಬುದು ಅಲ್ಪವಾದ ಪ್ರಶ್ನೆಯಲ್ಲ.

ಈ ಪ್ರಶ್ನೆಗೆ ನಮ್ಮ ಹಿರಿಯರು ಅರಿತೋ ಅರಿಯದೆಯೋ ಒಂದು ಉತ್ತರವನ್ನು ಕಂಡಿದ್ದರು. ಭತ್ತ ಬೆಳೆಯುವ ಸೀಮೆಗಳ ಹಳೆಯ ಮನೆಗಳಲ್ಲಿ ಸುಗ್ಗಿಯ ಹೊಸ ತೆನೆಗಳನ್ನು ಹೆಣೆದು ಜಗಲಿಯ ಸೂರಿಗೆ ತೂಗಹಾಕುವ ಪದ್ಧತಿಯಿತ್ತು. ಅದು ಶೋಭೆಗೂ ಆಯಿತು, ಗುಬ್ಬಿಗೂ ಆಯಿತು. ಇದರ ಮರ್ಮವನ್ನು ನೋಡಿ. ತೆನೆಯ ಕಡ್ಡಿಯು ಎರಡು ತೊಲದ ಹಕ್ಕಿಯನ್ನು ತಾಳುತ್ತದೆ, ಕಾಗೆಯ ಕಾಲಿಗೆ ಬಾಗಿಬಿಡುತ್ತದೆ. ಗುಬ್ಬಿಯ ಮೊಂಡಾದ ಕೊಕ್ಕು ಹೊಟ್ಟನ್ನು ಸುಲಿಯಲೆಂದೇ ಆದುದು. ಪಾರಿವಾಳವು ಕಾಳನ್ನು ಇಡಿಯಾಗಿ ನುಂಗಬಲ್ಲದು, ನಿಜ. ಆದರೆ ಅದಕ್ಕೆ ನಿಂತು ಮೇಯಲು ಸಮತಟ್ಟಾದ ನೆಲ ಬೇಕು, ತೂಗಾಡುವ ತೆನೆಗೆ ಜೋತುಬೀಳುವ ವಿದ್ಯೆ ಅದಕ್ಕಿಲ್ಲ.

ತೆನೆ ದೊರೆಯದ ಪಟ್ಟಣವಾಸಿಗಳು ತಂತಿಯ ಪಂಜರವನ್ನು ಮಾಡಿಸಬಹುದು. ಅದರ ಕಣ್ಣು ಒಂದೂವರೆ ಅಂಗುಲದ ಚೌಕವಾಗಿರಲಿ. ಗುಬ್ಬಿ, ರಾಟವಾಳ, ಗೀಜಗಗಳು ಇದರೊಳಗೆ ನುಸುಳುತ್ತವೆ. ಗೊರವಂಕ, ಗಿಳಿ, ಕಾಗೆ, ಪಾರಿವಾಳಗಳು ಹೊರಗುಳಿಯುತ್ತವೆ. ಇಷ್ಟರಿಂದಲೇ ಕಾಗೆಯು ಸೋಲುವುದೆಂದು ತಿಳಿಯಬಾರದು. ಅದು ತಲೆಯನ್ನು ತೂರಿಸಿ ಕೊಕ್ಕನ್ನು ಚಾಚುವುದು. ಆದುದರಿಂದ ಕಾಳಿನ ಬಟ್ಟಲು ಪಂಜರದ ನಡುವೆ, ಸುತ್ತಣ ತಂತಿಯಿಂದ ಆರು ಅಂಗುಲ ಒಳಗಿರತಕ್ಕದ್ದು. ತಂತಿಯ ತುದಿಗಳನ್ನು ಮಡಿಸದೆ ಬಿಟ್ಟರೆ ರೆಕ್ಕೆಗೆ ಗಾಯವಾದೀತು. ಅಳಿಲನ್ನು ಮಾತ್ರ ಈ ಕಣ್ಣು ತಡೆಯಲಾರದು. ಅದಕ್ಕಾಗಿ ಪಂಜರವನ್ನು ಕೊಂಬೆಗಳಿಂದ ದೂರವಾಗಿ ತೂಗಹಾಕಿ, ಮೇಲೆ ತಗಡಿನ ಅಗಲವಾದ ಕೊಡೆಯೊಂದನ್ನು ಇಳಿಬಿಡಬೇಕು.

ಪಂಜರಕ್ಕಿಂತ ಸುಲಭವಾದ ಉಪಾಯವೆಂದರೆ ಬಡಿಸುವ ಪದಾರ್ಥವನ್ನೇ ಆರಿಸುವುದು. ಅನ್ನ, ರೊಟ್ಟಿ, ಕರಿದ ತಿಂಡಿಗಳು ಕಾಗೆಗೂ ಗೊರವಂಕಕ್ಕೂ ಕಳುಹಿಸಿದ ಆಮಂತ್ರಣ ಪತ್ರಿಕೆಗಳು. ಮುಸುಕಿನ ಜೋಳ, ಗೋಧಿ, ಬೇಳೆಗಳು ಪಾರಿವಾಳವನ್ನು ಕರೆಯುತ್ತವೆ. ನವಣೆ, ಸಜ್ಜೆ, ಅಕ್ಕಿಯ ಸಣ್ಣ ನುಚ್ಚು ಇವು ಗುಬ್ಬಿಯ ಕೊಕ್ಕಿಗೆ ತಕ್ಕವು. ಅದನ್ನೂ ಒಂದು ಹೊತ್ತಿಗೆ ತೀರುವಷ್ಟೇ ಇಡಬೇಕು. ನೆಲಕ್ಕುದುರಿದ ಕಾಳು ಪಾರಿವಾಳವನ್ನು ಹಗಲೂ, ಇಲಿಯನ್ನು ಇರುಳೂ ಬರಮಾಡುವುದರಿಂದ ಸಂಜೆ ಗುಡಿಸುವುದು ಅವಶ್ಯಕ. ಬಟ್ಟಲನ್ನು ವಾರಕ್ಕೊಮ್ಮೆಯಾದರೂ ಬಿಸಿನೀರಿನಲ್ಲಿ ತೊಳೆದು ಬಿಸಿಲಿಗಿಡಿ. ಹಿಕ್ಕೆ ಬೆರೆತ ಕಾಳಿನಿಂದ ಹಕ್ಕಿಗಳಲ್ಲಿ ರೋಗ ಹರಡುವುದು. ನಾವು ಕೊಟ್ಟ ಭೋಜನವೇ ಅವಕ್ಕೆ ಮೃತ್ಯುವಾಗಬಾರದಷ್ಟೆ.

ಕಾಗೆಯನ್ನು ಹೊಡೆಯುವ ಅಥವಾ ವಿಷವಿಡುವ ಯೋಚನೆಗೆ ಇಲ್ಲಿ ಎಡೆಯಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಹಿಂದೆ ಕಾಗೆಯನ್ನು ಪೀಡಕ ಪ್ರಾಣಿಗಳ ಪಟ್ಟಿಗೆ ಸೇರಿಸಿತ್ತು. 2022ರ ತಿದ್ದುಪಡಿಯಿಂದ ಆ ಪಟ್ಟಿಯೇ ಹೋಯಿತು. ಕಾಯಿದೆಯ ಮಾತು ಹಾಗಿರಲಿ, ಸತ್ತ ಇಲಿಯನ್ನೂ ಕೊಳೆತ ಅನ್ನವನ್ನೂ ಬೀದಿಯಿಂದ ತೆಗೆದುಹಾಕುವ ಈ ಸೇವಕನಿಗೆ ಒಂದು ತುತ್ತು ಸಲ್ಲಬೇಕಾದುದೇ. ಅದನ್ನು ಮನೆಯ ಇನ್ನೊಂದು ಮೂಲೆಯಲ್ಲಿ, ಗೋಡೆಯ ಮೇಲೆ ಬೇರೆಯಾಗಿ ಇಟ್ಟರೆ ಜಗಳವು ಅರ್ಧ ತೀರಿತು.

ಉಳಿದರ್ಧವು ಕಾಳಿನಿಂದ ತೀರತಕ್ಕದ್ದಲ್ಲ. ಬೆಳೆದ ಗುಬ್ಬಿಯು ಕಾಳನ್ನು ತಿಂದು ಬದುಕೀತು; ಅದರ ಮರಿಗೆ ಮೊದಲ ದಿನಗಳಲ್ಲಿ ಹುಳುಹುಪ್ಪಟೆಗಳೇ ಬೇಕು. ಔಷಧಿ ಸಿಂಪಡಿಸದ ಒಂದು ಬೇಲಿ, ದಾಸವಾಳದ ಒಂದೆರಡು ಗಿಡ, ಮಣ್ಣಿನ ಬೋಗುಣಿಯಲ್ಲಿ ಎರಡು ಅಂಗುಲ ನೀರು, 32 ಮಿಲಿಮೀಟರ್ ರಂಧ್ರವುಳ್ಳ ಒಂದು ಮರದ ಪೆಟ್ಟಿಗೆ: ಇವನ್ನು ಒದಗಿಸಿದ ಮನೆಯಲ್ಲಿ ಗುಬ್ಬಿಯು ಉಂಡು ಹೋಗುವ ಅತಿಥಿಯಾಗಿ ಉಳಿಯದೆ ಸಂಸಾರ ಹೂಡಲೂಬಹುದು. ದಾಸವಾಳಕ್ಕೆ ಸೂರಕ್ಕಿಯೂ ಬಂದೀತು. ಅದರ ಮಧುವಿಗೆ ಕಾಗೆಯು ಪಾಲು ಕೇಳುವುದಿಲ್ಲ.